ಭತ್ತದ ಒಟ್ಲು: ಪೈರಿನ ಬುಡ ನೋಡಿ ನಾಟಿ ಮಾಡಿ

ನಾಟಿಯಾಗಿ ಹತ್ತು ದಿನ ಕಳೆದರೂ ಪೈರು ಹಳದಿ ತಿರುಗಿ ನಿಂತಿದ್ದರೆ ಹೆಚ್ಚಿನವರ ಕೈ ಹೋಗುವುದು ಯೂರಿಯಾ ಚೀಲಕ್ಕೆ. ಅದಕ್ಕೂ ಮೊದಲು ಒಂದು ಗುಣಿ (ಒಂದೇ ಕಡೆ ಒಟ್ಟಿಗೆ ನೆಟ್ಟ ಪೈರು) ಕಿತ್ತು ನೋಡಿ. ಬುಡ ಕಡ್ಡಿಯಂತೆ ಸಣ್ಣಗಿದ್ದು, ಬಿಳಿ ಬೇರು ನಾಲ್ಕೇ ನಾಲ್ಕು ಇದ್ದರೆ ತೊಂದರೆ ಶುರುವಾಗಿರುವುದು ಒಟ್ಲಲ್ಲಿ, ಅಂದರೆ ಪೈರು ಬೆಳೆಸುವ ಸಸಿಮಡಿಯಲ್ಲಿ.

ಪೈರು ಕೀಳುವಾಗ ಹಳೆಯ ಬೇರು ಬಹುಪಾಲು ಹರಿದುಹೋಗುತ್ತದೆ. ಗದ್ದೆಯಲ್ಲಿ ಪೈರು ನೆಲೆಯೂರುವುದು ಬುಡದ ಗಿಣ್ಣಿಂದ ಹೊಸದಾಗಿ ಒಡೆಯುವ ಬೇರಿನಿಂದ. ಅಲ್ಲಿಯವರೆಗೆ ಬುಡದಲ್ಲಿ ಕೂಡಿಟ್ಟ ಪಿಷ್ಟವೇ ಅದಕ್ಕೆ ಆಧಾರ. ಬೀಜದೊಳಗಿನ ಆಹಾರವಂತೂ ಮೂರನೇ ಎಲೆ ಬಿಡುವ ಹೊತ್ತಿಗೇ ತೀರಿರುತ್ತದೆ. ಒತ್ತಾಗಿ ಬಿತ್ತಿದರೆ ಬಿಸಿಲು ಕೆಳಗಿಳಿಯದು; ಪೈರು ಬೆಳಕಿಗಾಗಿ ಉದ್ದವಾಗುತ್ತದೆ, ಕೆಳಗಿನ ಎಲೆಗಳ ಕಂಕುಳಲ್ಲಿರುವ ತೆಂಡೆಯ (ಬುಡದಿಂದ ಒಡೆಯುವ ಕವಲಿನ) ಮೊಗ್ಗು ಅಲ್ಲೇ ಕಮರುತ್ತದೆ. ಕಮರಿದ ಮೊಗ್ಗನ್ನು ಯಾವ ಮೇಲುಗೊಬ್ಬರವೂ ಎಬ್ಬಿಸಲಾರದು. ಎಕರೆಗೆ 25 ಕಿಲೋ ಬೀಜವಾದರೆ 4 ಗುಂಟೆ ಒಟ್ಲು ಬೇಕು, ಅಂದರೆ ಚದರ ಮೀಟರಿಗೆ ಸುಮಾರು 60 ಗ್ರಾಂ. ಜಾಗ ಉಳಿಸಲು ಅಷ್ಟೂ ಬೀಜವನ್ನು 2 ಗುಂಟೆಗೆ ಎರಚುವುದು ನಾನು ಕಾಣುವ ದೊಡ್ಡ ತಪ್ಪು.

4 ಅಡಿ ಅಗಲದ ಏರುಮಡಿ, ನಡುವೆ ಒಂದಡಿ ಬಸಿಗಾಲುವೆ ಇರಲಿ. ಬೀಜವನ್ನು 24 ಗಂಟೆ ನೆನೆಸಿ, ಗೋಣಿಚೀಲದಲ್ಲಿ ಒಂದು ದಿನ ಕಾವಿಗಿಟ್ಟು, ಮೊಳಕೆ ಬಿಳಿಯಾಗಿ ಇಣುಕಿದೊಡನೆ ಬಿತ್ತಿ. ಮೊದಲ ನಾಲ್ಕೈದು ದಿನ ಮಡಿಯ ಮೇಲೆ ನೀರು ನಿಲ್ಲಬಾರದು. ನೀರಡಿಯಲ್ಲಿ ಗಾಳಿ ಸಿಗದ ಮೊಳಕೆ ಮೇಲಕ್ಕೆ ಚಾಚುತ್ತದೆಯೇ ಹೊರತು ಬೇರಿಳಿಸುವುದಿಲ್ಲ.

ಐಆರ್-64ರಂಥ ನಾಲ್ಕು ತಿಂಗಳ ತಳಿಗೆ 21ರಿಂದ 25 ದಿನದ ಪೈರು ಸರಿ. ಮಂಡ್ಯದ ಕಡೆ ನಾಲೆ ನೀರು ತಡವಾದರೆ ಪೈರು 40 ದಿನ ದಾಟಿ ಬಲಿಯುತ್ತದೆ. ನೀರಿನ ದಿನ ಖಚಿತವಿಲ್ಲದಿದ್ದರೆ ಒಟ್ಲನ್ನು ವಾರದ ಅಂತರದಲ್ಲಿ ಎರಡು ಸಲ ಬಿಡಿ. ಬಲಿತದ್ದನ್ನೇ ನೆಡಬೇಕಾದರೆ ಸಾಲು ಹತ್ತಿರ ಮಾಡಿ, ಗುಣಿಗೆ 2-3ರ ಬದಲು 4-5 ಪೈರು ಇಡಿ. ಬಲಿತ ಪೈರಿನಿಂದಾಗುವ ನಷ್ಟ ಪೂರ್ತಿ ತುಂಬದು, ತಗ್ಗುತ್ತದೆ.

ಕೀಳುವ ಹಿಂದಿನ ಸಂಜೆ ಮಡಿಗೆ ನೀರು ಕಟ್ಟಿ. ಒಣಗಿದ ಜೇಡಿಯಲ್ಲಿ ಬುಡವೇ ಕಿತ್ತು ಬರುತ್ತದೆ. ಬೇರಿನ ಮಣ್ಣನ್ನು ನೀರಲ್ಲಿ ಅಲುಬಿ ತೆಗೆಯಿರಿ. ಕಾಲಿಗೆ ಬಡಿದರೆ ಬುಡ ಜಜ್ಜುತ್ತದೆ. ಅಂದೇ ನೆಡಿ, ಒಂದಿಂಚಿಗಿಂತ ಆಳ ಬೇಡ. ಉದ್ದವಾದ ಪೈರಿನ ತುದಿ ಚಿವುಟಿದರೆ ಕಾಂಡಕೊರಕದ ಮೊಟ್ಟೆ ಹೋಗುತ್ತದೆ ನಿಜ, ಆದರೆ ದುಂಡಾಣು ಎಲೆ ಅಂಗಮಾರಿ ಇರುವ ಊರಿನಲ್ಲಿ ಅದೇ ಗಾಯ ರೋಗಕ್ಕೆ ಬಾಗಿಲಾಗುತ್ತದೆ. ಅಲ್ಲಿ ಚಿವುಟಬೇಡಿ.