ಜಾಮೀನಿಲ್ಲದ ಆರು ನಿಮಿಷ

ರಿಚರ್ಡ್ ವಿಲಿಯಮ್ಸ್ ತಮ್ಮ ಕೊನೆಯ ಚಿತ್ರಕ್ಕೆ ತಮಾಷೆಯಾಗಿ ಇಟ್ಟುಕೊಂಡಿದ್ದ ಹೆಸರು: ‘ಇದು ಮುಗಿಯೋವರೆಗೆ ನಾನು ಬದುಕಿರ್ತೀನಾ?’ 2015ರಲ್ಲಿ ಅದು ‘ಪ್ರೊಲಾಗ್’ ಆಗಿ ಹೊರಬಂತು. ಉದ್ದ ಬರೀ ಆರು ನಿಮಿಷ. ಆಗ ಅವರಿಗೆ 82 ವರ್ಷ. ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ಚಿತ್ರದ ಅನಿಮೇಷನ್ ನಿರ್ದೇಶಕ, ಮೂರು ಆಸ್ಕರ್ ಗೆದ್ದವರು. ಅಂಥವರು ಇಷ್ಟು ಪುಟ್ಟ ಚಿತ್ರ ಯಾಕೆ ಮಾಡಿದರು?

ಉತ್ತರ 1964ರಷ್ಟು ಹಿಂದಿದೆ. ಮುಲ್ಲಾ ನಸ್ರುದ್ದೀನನ ಕಥೆಗಳಿಂದ ಶುರುವಾದ ಅವರ ದೊಡ್ಡ ಕನಸು, ಮುಂದೆ ‘ದಿ ಥೀಫ್ ಅಂಡ್ ದಿ ಕಾಬ್ಲರ್’ ಆಯಿತು. ಲಂಡನ್ನಿನ ಸ್ಟುಡಿಯೋದಲ್ಲಿ ಜಾಹೀರಾತು ಮಾಡಿ ದುಡಿಯುವುದು, ಬಂದ ದುಡ್ಡನ್ನು ಇದಕ್ಕೆ ಸುರಿಯುವುದು. ಹೀಗೇ ವರ್ಷಗಟ್ಟಲೆ ನಡೆಯಿತು. ನಿಧಾನ ನಿಜ, ಆದರೆ ಕೇಳುವವರು ಯಾರೂ ಇರಲಿಲ್ಲ.

ರೋಜರ್ ರ‍್ಯಾಬಿಟ್ ಗೆದ್ದ ಮೇಲೆ ವಾರ್ನರ್ ಬ್ರದರ್ಸ್ ಕೈಜೋಡಿಸಿತು. ಎಡವಟ್ಟು ಆಗಿದ್ದು ಅಲ್ಲೇ. ದೊಡ್ಡ ದುಡ್ಡಿನ ಜೊತೆ ‘ಕಂಪ್ಲೀಷನ್ ಬಾಂಡ್’ ಬಂತು. ಅಂದರೆ, ಹೇಳಿದ ದಿನಕ್ಕೆ, ಹೇಳಿದ ಖರ್ಚಲ್ಲಿ ಚಿತ್ರ ಮುಗಿಯುತ್ತದೆ ಎಂದು ಒಂದು ಕಂಪನಿ ಜಾಮೀನು ನಿಲ್ಲುತ್ತದೆ. ಮಾತು ತಪ್ಪಿದರೆ ಚಿತ್ರ ಅದರ ವಶ. ವಿಲಿಯಮ್ಸ್ ಗಡುವಿಗೆ ಬಗ್ಗುವ ಆಸಾಮಿಯಲ್ಲ. 1992ರ ಮೇ ತಿಂಗಳಲ್ಲಿ ಚಿತ್ರ ಕೈತಪ್ಪಿತು. ಬೇರೆಯವರು ಹಾಡು ತುರುಕಿ, ಕತ್ತರಿಸಿ ಮುಗಿಸಿದರು. ಅಷ್ಟೊತ್ತಿಗೆ ಅದೇ ಬಗೆಯ ಅರೇಬಿಯನ್ ಕಥೆಯ ಡಿಸ್ನಿ ಚಿತ್ರ ‘ಅಲಾದಿನ್’ ಬಂದಾಗಿತ್ತು. ಜಾಮೀನು ಕಂಪನಿಯನ್ನು ಮಾತ್ರ ಬೈಯುವುದು ಸುಲಭ. ಆದರೆ ಸುಮಾರು ಮೂವತ್ತು ವರ್ಷ ಮುಗಿಸದ ಕೆಲಸಕ್ಕೆ ಅವರೂ ಹೊಣೆ, ಅಲ್ವಾ?

ಮುಂದಿನ ಸಲ, ‘ಪ್ರೊಲಾಗ್’ ಮಾಡುವಾಗ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನ ಆರ್ಡ್‌ಮನ್ ಅನಿಮೇಷನ್ ಸ್ಟುಡಿಯೋ ಕೂತು ಕೆಲಸ ಮಾಡಲು ಒಂದು ಕೋಣೆ ಕೊಟ್ಟಿತು. ಹೆಂಡತಿ ಇಮೋಜೆನ್ ಸಟನ್ ನಿರ್ಮಾಪಕಿ. ಚಿತ್ರ ಬಿಡಿಸಿದ್ದು ವಿಲಿಯಮ್ಸ್ ಅವರೇ, ಕೈಯಲ್ಲಿ ಪೆನ್ಸಿಲ್.

ಕಥೆ ಗ್ರೀಸಿನದು. ಸ್ಪಾರ್ಟಾ, ಅಥೆನ್ಸ್ ಯೋಧರು ಪರಸ್ಪರ ಕೊಂದುಕೊಳ್ಳುವುದನ್ನು ಒಬ್ಬ ಪುಟ್ಟ ಹುಡುಗಿ ನೋಡುತ್ತಾಳೆ. ಮಾತಿಲ್ಲ. ನೋಟ ಯೋಧರ ಸುತ್ತ ತಿರುಗಿದರೆ ಸ್ನಾಯು, ಗುರಾಣಿ, ಈಟಿ ಎಲ್ಲವನ್ನೂ ಹೊಸ ಕೋನದಿಂದ ಮತ್ತೆ ಬಿಡಿಸಬೇಕು. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಎಷ್ಟೋ ಜನ ಒಂದೊಂದು ಚಿತ್ರವನ್ನು ಎರಡು ಫ್ರೇಮ್‌ಗೆ ಬಳಸಿ ಅರ್ಧ ಕೆಲಸ ಉಳಿಸುತ್ತಾರೆ. ಫ್ರೇಮಿಗೊಂದು ಚಿತ್ರ ಎಂಬುದು ವಿಲಿಯಮ್ಸ್ ಹಟ. ಆ ಲೆಕ್ಕದಲ್ಲಿ ಒಂದು ನಿಮಿಷಕ್ಕೇ 1,440 ಚಿತ್ರ. ಯಾವ ಬಾಂಡ್ ಕಂಪನಿ ಇದಕ್ಕೆ ಸಹಿ ಹಾಕೀತು?

‘ಪ್ರೊಲಾಗ್’ ಆಸ್ಕರ್‌ಗೂ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗೂ ನಾಮನಿರ್ದೇಶನಗೊಂಡಿತು. ಆಸ್ಕರ್ ಚಿಲಿಯ ‘ಬೇರ್ ಸ್ಟೋರಿ’ ಪಾಲಾಯಿತು. ಪ್ರಾಚೀನ ಗ್ರೀಕ್ ನಾಟಕಕಾರ ಅರಿಸ್ಟೋಫೇನಿಸನ ‘ಲೈಸಿಸ್ಟ್ರಾಟಾ’ ನಾಟಕವನ್ನು ಆಧರಿಸಿದ ದೊಡ್ಡ ಚಿತ್ರಕ್ಕೆ ಇದು ಮುನ್ನುಡಿ ಆಗಬೇಕಿತ್ತು. 2019ರ ಆಗಸ್ಟ್‌ನಲ್ಲಿ, 86ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಆ ದೊಡ್ಡ ಚಿತ್ರ ಮುಗಿದಿರಲಿಲ್ಲ. ಆದರೆ ಈ ಸಲ ಅದನ್ನು ಕಿತ್ತುಕೊಂಡು ಮುಗಿಸುವ ಹಕ್ಕು ಯಾರಿಗೂ ಇರಲಿಲ್ಲ.