ಸೆಕಿನಿನ್: 'ತೊರು' ಬೇರೆ, 'ಮೊತ್ಸು' ಬೇರೆ

ಕೆಲಸ ಇನ್ನೂ ಶುರುವೇ ಆಗಿರಲಿಲ್ಲ. ಟೋಕಿಯೊದ ಗ್ರಾಹಕರ ಜೊತೆ ಮೊದಲ ಮೀಟಿಂಗ್. ನನ್ನ ಹತ್ತಿರ ಜಪಾನಿ ಕಲಿಯುತ್ತಿದ್ದ ಬೆಂಗಳೂರಿನ ಎಂಜಿನಿಯರ್ ಒಬ್ಬರು ಹುಮ್ಮಸ್ಸಿನಿಂದ ಹೇಳಿದರು: 'ವತಾಶಿ ಗ ಸೆಕಿನಿನ್ ಒ ತೊರಿಮಾಸ್.' ನಾನು ದುಭಾಷಿಯಾಗಿ ಪಕ್ಕದಲ್ಲೇ ಕೂತಿದ್ದೆ. ಆ ಕಡೆಯವರು ಒಂದು ಕ್ಷಣ ಸುಮ್ಮನಾದರು. ಆಮೇಲೆ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು, ಏನಾದರೂ ತೊಂದರೆ ಆಗಿದೆಯಾ ಅಂತ.

ನಮ್ಮ ಎಂಜಿನಿಯರ್ ಹೇಳಹೊರಟಿದ್ದು 'ಇದರ ಜವಾಬ್ದಾರಿ ನಾನು ತಗೊಳ್ತೀನಿ' ಅಂತ. ಸೆಕಿನಿನ್ ಅಂದರೆ ಜವಾಬ್ದಾರಿ, ತೊರು ಅಂದರೆ ತಗೊಳ್ಳುವುದು, ಆ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ 'ಸೆಕಿನಿನ್ ಒ ತೊರು' ಅನ್ನುವ ಮಾತು ಸಾಮಾನ್ಯವಾಗಿ ಬರುವುದು ಏನೋ ಕೆಟ್ಟ ಮೇಲೆ. ತಪ್ಪಾಗಿದೆ, ಅದಕ್ಕೆ ನಾನು ತಲೆ ಕೊಡುತ್ತೇನೆ, ಬೇಕಾದರೆ ಕುರ್ಚಿ ಬಿಡುತ್ತೇನೆ ಅನ್ನುವಷ್ಟು ತೂಕ ಅದಕ್ಕಿದೆ. ಕೆಲಸ ಒಪ್ಪಿಕೊಳ್ಳುವಾಗ ಬೇಕಾದದ್ದು 'ಮೊತ್ಸು', ಅಂದರೆ ಕೈಯಲ್ಲಿ ಹಿಡಿಯುವುದು. 'ಸೆಕಿನಿನ್ ಒ ಮೊತ್ತೆ ಯರಿಮಾಸ್', ಜವಾಬ್ದಾರಿಯಿಂದ ಮಾಡುತ್ತೇನೆ. ಒಂದು ಕ್ರಿಯಾಪದ ಮುಂದೆ ನೋಡುತ್ತದೆ, ಇನ್ನೊಂದು ಹಿಂದೆ.

ಕನ್ನಡದವರಿಗೆ ಈ ಎಡವಟ್ಟು ಆಗುವುದು ಸಹಜ. 'ಹೊಣೆ ಹೊತ್ತು ಮದುವೆ ನಡೆಸಿಕೊಟ್ಟರು' ಅನ್ನುತ್ತೇವೆ. 'ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು' ಅಂತಲೂ ಅನ್ನುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ ಸಾಕು ನಮಗೆ. ಬೆನ್ನ ಮೇಲೆ ಹೊರುವ ಅರ್ಥದ 'ಓವು' ಜಪಾನಿಯಲ್ಲೂ ಇದೆ, 'ಸೆಕಿನಿನ್ ಒ ಓವು'. ಆದರೆ ಅದು ಜಾಸ್ತಿ ಕಾಣುವುದು ಕರಾರುಪತ್ರಗಳಲ್ಲಿ, ಕಾನೂನಿನ ಮಾತಿನಲ್ಲಿ.

ಸೆಕಿನಿನ್ ಪದದ ಎರಡು ಅಕ್ಷರಗಳನ್ನು ಅಲ್ಲಿನ ಮಕ್ಕಳು 5ನೇ ತರಗತಿಯಲ್ಲಿ ಕಲಿಯುತ್ತಾರೆ. ಬೋರ್ಡಿನ ಮೇಲೆ ಇವನ್ನು ಬಿಡಿಸಿ ತೋರಿಸುವುದು ನನಗೆ ತುಂಬಾ ಇಷ್ಟ. ಮೊದಲನೆಯದು 'ಸೆಕಿ'. ಅದರ ಕೆಳಗೆ ಕವಡೆಯ ಗುರುತಿದೆ. ಹಳೆಯ ಕಾಲದ ಚೀನಾದಲ್ಲಿ ಕವಡೆಯೇ ದುಡ್ಡು. ಪಕ್ಕದಲ್ಲಿ ಮನುಷ್ಯನ ಗುರುತು ಸೇರಿಸಿ, ಅದು 'ಸಾಲ' ಅನ್ನುವ ಅಕ್ಷರವಾಗುತ್ತದೆ. 'ಸೆಕಿ' ಅಕ್ಷರದಿಂದಲೇ ಬಂದ ಕ್ರಿಯಾಪದ 'ಸೆಮೆರು', ದೂರುವುದು, ತಪ್ಪು ಹೊರಿಸುವುದು. ಎರಡನೆಯದು 'ನಿನ್'. ಅದರ ಕ್ರಿಯಾಪದ 'ಮಕಸೆರು', ನಂಬಿ ಒಪ್ಪಿಸುವುದು. ನಮ್ಮ ಜವಾಬ್ದಾರಿಯ ಒಳಗೆ 'ಜವಾಬು' ಇದೆ, ಕೇಳಿದರೆ ಉತ್ತರ ಕೊಡಬೇಕು ಅಂತ. ಸೆಕಿನಿನ್ ಒಳಗೆ ನಂಬಿಕೆಯೂ ದೂರೂ ಒಟ್ಟಿಗೆ ಕೂತಿವೆ.

'ತೊರು' ಎಷ್ಟು ಭಾರದ್ದು ಅಂತ ತಿಳಿಯಲು 1997ರ ನವೆಂಬರ್ 24 ನೆನಪಿಸಿಕೊಳ್ಳಿ. 100 ವರ್ಷ ಹಳೆಯ ಷೇರು ವ್ಯವಹಾರದ ಕಂಪನಿ ಯಮಾಇಚಿ ಸೆಕ್ಯುರಿಟೀಸ್ ಬಾಗಿಲು ಹಾಕುವುದಾಗಿ ಹೇಳಿದ ದಿನ. ಅಧ್ಯಕ್ಷ ನೊಜಾವಾ ಶೋಹೇ ಪತ್ರಕರ್ತರ ಮುಂದೆ ಅಳುತ್ತಾ, ತಪ್ಪು ನಮ್ಮದು, ನೌಕರರದ್ದಲ್ಲ ಅಂದರು. ಅವರು ಆ ಕುರ್ಚಿಗೆ ಬಂದು ಕೆಲವೇ ತಿಂಗಳಾಗಿತ್ತು. ನಷ್ಟ ಮುಚ್ಚಿಟ್ಟ ಕೆಲಸ ಅದಕ್ಕಿಂತ ಮೊದಲೇ ನಡೆದಿತ್ತು.

ದಿನದ ಆಫೀಸಿನಲ್ಲಿ 'ಈ ಕೆಲಸ ಯಾರು ನೋಡಿಕೊಳ್ಳುತ್ತಾರೆ' ಅನ್ನಲು ಸೆಕಿನಿನ್ ಬೇಡವೇ ಬೇಡ. ಅಲ್ಲಿ 'ತಾಂತೋ' ಸಾಕು. 'ತಾಂತೋ ವ ವತಾಶಿ ದೆಸ್', ಇದನ್ನು ನೋಡಿಕೊಳ್ಳುವವನು ನಾನು. 'ಸೆಕಿನಿನ್ಶಾ' ಅಂದರೆ ಕೊನೆಗೆ ಉತ್ತರ ಕೊಡಬೇಕಾದ ವ್ಯಕ್ತಿ. ಜಪಾನಿನ ಆಫೀಸುಗಳ ಗೋಡೆಯ ಮೇಲೆ 'ಹಿಮೊತೊ ಸೆಕಿನಿನ್ಶಾ' ಅಂತ ಚಿಕ್ಕ ಫಲಕ ಇರುತ್ತದೆ, ಜೊತೆಗೆ ಒಬ್ಬರ ಹೆಸರು. ಆ ಕೋಣೆಯಲ್ಲಿ ಬೆಂಕಿ ಹತ್ತದಂತೆ ನೋಡಿಕೊಳ್ಳಬೇಕಾದವರು ಅವರು. ವಿಭಾಗದ ಹೆಸರಲ್ಲ, ಕಮಿಟಿಯ ಹೆಸರಲ್ಲ, ಒಬ್ಬ ಮನುಷ್ಯನ ಹೆಸರು. ಹೊಸಬರಿಗೆ ನಾನು ಮೊದಲು ತೋರಿಸುವುದು ಆ ಫಲಕದ ಫೋಟೊವನ್ನೇ.

ಉಚ್ಚಾರಣೆಯಲ್ಲೂ ಒಂದು ಎಚ್ಚರ ಬೇಕು. ನಮ್ಮ ನಾಲಿಗೆಗೆ ಸಂಧಿ ಮಾಡುವ ಅಭ್ಯಾಸ. 'ಸೆಕಿನಿನ್ ಒ' ಅನ್ನುವುದು 'ಸೆಕಿನಿನೊ' ಆಗಿಬಿಡುತ್ತದೆ. ಕೊನೆಯ 'ನ್'ಗೆ ಪೂರ್ತಿ ಒಂದು ಮಾತ್ರೆ ಕೊಡಿ, ನಿಂತು 'ಒ' ಅನ್ನಿ.

ಇನ್ನು 'ಮುಸೆಕಿನಿನ್'. ನಮ್ಮ 'ಬೇ'ಯಂತೆ ಇಲ್ಲಿ 'ಮು', ಅಂದರೆ ಬೇಜವಾಬ್ದಾರಿ. ಮನೆಯಲ್ಲಿ ಮಕ್ಕಳಿಗೆ ದಿನಕ್ಕೆ ನಾಲ್ಕು ಸಲ 'ಎಂಥ ಬೇಜವಾಬ್ದಾರಿ ಕಣೋ ನೀನು' ಅಂತೀವಿ ಅಲ್ವಾ? ಆ ಸಲಿಗೆಯಲ್ಲಿ ಈ ಪದವನ್ನು ಜಪಾನಿ ಸಹೋದ್ಯೋಗಿಗೆ ಅನ್ನಬೇಡಿ, ಮನಸ್ಸಿಗೆ ನಾಟುತ್ತದೆ. ಕೆಲಸ ತಡವಾಗಿದ್ದರೆ 'ತಾಂತೋ ವ ದೊನತಾ ದೆಸ್ ಕ', ಇದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ, ಅಂತ ಕೇಳಿ.