ಗೇರ್‌ಬಾಕ್ಸಿಗೂ ಒಂದು ದೇಶ ಇದೆ

ನಮ್ಮ ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರ್ ಯಾವ ದೇಶದ್ದು? ಬ್ರಿಟನ್ನಿನದು ಅಂತಲೇ ನಾವೆಲ್ಲ ಹೇಳುತ್ತಿದ್ದೆವು. 1971ರಲ್ಲಿ ಕೊಚ್ಚಿಯಲ್ಲಿ ನೌಕಾಪಡೆಯ 330ನೇ ಸ್ಕ್ವಾಡ್ರನ್ ಶುರುವಾದಾಗ ಬಂದದ್ದು ವೆಸ್ಟ್‌ಲ್ಯಾಂಡ್ ಕಂಪನಿ ಕಟ್ಟಿದ ಹೆಲಿಕಾಪ್ಟರ್. ಆದರೆ ಮೂಲ ವಿನ್ಯಾಸ ಅಮೆರಿಕದ ಸಿಕೋರ್ಸ್ಕಿಯದು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣು ಪರೀಕ್ಷೆ ಆಯಿತು, ಅಮೆರಿಕ ನಿರ್ಬಂಧ ಹಾಕಿತು, ಬ್ರಿಟನ್ನಿನಿಂದ ಕೊಂಡ ಯಂತ್ರಕ್ಕೂ ಸ್ಪೇರ್ ಸಿಗದೆ ಸೀ ಕಿಂಗ್‌ಗಳು ಹ್ಯಾಂಗರಿನಲ್ಲಿ ನಿಂತವು. ಒಳಗಿದ್ದ ಅಮೆರಿಕದ ಭಾಗಗಳನ್ನು ಅಲ್ಲಿನ ಅನುಮತಿ ಇಲ್ಲದೆ ಯಾರೂ ನಮಗೆ ಕೊಡುವ ಹಾಗಿರಲಿಲ್ಲ. ನಿರ್ಬಂಧ ತೆಗೆದದ್ದು 2001ರ ಸೆಪ್ಟೆಂಬರಿನಲ್ಲಿ.

ಇಂಥ ಕಾಲದಲ್ಲಿ ನಾವು ಟೆಕ್ನಿಷಿಯನ್‌ಗಳು ಮಾಡುವುದು ಒಂದೇ. ಹಾರದೆ ನಿಂತದ್ದರಿಂದ ಭಾಗ ಬಿಚ್ಚಿ ಹಾರಬೇಕಾದದ್ದಕ್ಕೆ ಹಾಕುವುದು. ಕೇಳೋಕೆ ಸುಲಭ. ಆದರೆ ಒಂದು ಪಂಪ್ ಬದಲಿಸುವ ಕಡೆ ಎರಡು ಬಿಚ್ಚಬೇಕು, ಎರಡು ಜೋಡಿಸಬೇಕು, ಪ್ರತಿ ಸಲವೂ ಒಂದು ಪೈಪೋ ಸೀಲೋ ಹಾಳಾಗುವ ಭಯ, ಜೊತೆಗೆ ಭಾಗದ ಲಾಗ್ ಕಾರ್ಡ್ ಕೂಡ ಅದರ ಹಿಂದೆಯೇ ಹೋಗಬೇಕು. ಹೆಲಿಕಾಪ್ಟರಿನ ಮುಖ್ಯ ಭಾಗಗಳ ಆಯಸ್ಸು ಹಾರಾಟದ ಗಂಟೆಗಳಲ್ಲಿ. ಎಷ್ಟು ಗಂಟೆ ಹಾರಿದೆ ಅಂತ ಕಾರ್ಡ್ ಹೇಳದಿದ್ದರೆ ಫಳಫಳ ಹೊಳೆಯುವ ಭಾಗವೂ ಬರೀ ಕಬ್ಬಿಣ. ಅದನ್ನು ಹಾಕಿ ಪೈಲಟನ್ನು ಸಮುದ್ರದ ಮೇಲೆ ಕಳಿಸಲು ನಾನಂತೂ ಒಪ್ಪುವುದಿಲ್ಲ.

ಹಡಗಿನ ಮೇಲೆ ಇನ್ನೂ ಕಷ್ಟ. ಸೀ ಕಿಂಗ್ ನೀರಿನಿಂದ ಸ್ವಲ್ಪವೇ ಮೇಲೆ ನಿಂತು ಸದ್ದಿನಿಂದ ಜಲಾಂತರ್ಗಾಮಿ ಹುಡುಕುವ ಸೋನಾರನ್ನು ಕೆಳಗೆ ಇಳಿಸುತ್ತದೆ. ಮೇಲೆ ತಿರುಗುವ ರೆಕ್ಕೆಯ, ಅಂದರೆ ರೋಟರಿನ, ಗಾಳಿಗೆ ಎದ್ದ ಉಪ್ಪುನೀರಿನ ತುಂತುರನ್ನು ಎಂಜಿನ್ ಒಳಗೆ ಎಳೆದುಕೊಳ್ಳುತ್ತದೆ. ಹಾರಿ ಬಂದ ಮೇಲೆ ಎಂಜಿನ್ನಿನೊಳಗೆ ಗಾಳಿ ಒತ್ತುವ ಕಂಪ್ರೆಸರನ್ನು ಸಿಹಿನೀರಿನಲ್ಲಿ ತೊಳೆಯುವುದು ಅದಕ್ಕೇ. ತೊಳೆಯದೆ ಬಿಟ್ಟರೆ ಉಪ್ಪು ಬ್ಲೇಡುಗಳ ಮೇಲೆ ಕೂತು ಎಂಜಿನ್ ಬಲ ಕುಗ್ಗುತ್ತದೆ. ಹಾರದೆ ನಿಂತರೂ ತುಕ್ಕು ಬಿಡುವುದಿಲ್ಲ, ರಬ್ಬರ್ ಸೀಲ್ ಸುಮ್ನೆ ಇದ್ದಲ್ಲೇ ಮುದಿಯಾಗುತ್ತದೆ. ಹಡಗಿನಲ್ಲಿ, ಎಂಜಿನ್ ಬಲವನ್ನು ರೋಟರಿಗೆ ದಾಟಿಸುವ ಗೇರ್‌ಬಾಕ್ಸ್ ಇಡಲು ಜಾಗ ಎಲ್ಲಿ? ಚಿಕ್ಕಪುಟ್ಟ ಭಾಗಗಳ ಪೆಟ್ಟಿಗೆ ಒಯ್ಯುತ್ತೇವೆ, ಹೊರಡುವ ಮೊದಲು ಏನು ಕೆಡಬಹುದು ಅಂತ ಕೂತು ಲೆಕ್ಕ ಹಾಕುತ್ತೇವೆ.

ನಮ್ಮ ಇನ್ನೊಂದು ಹೆಲಿಕಾಪ್ಟರ್ ಚೇತಕ್ ನೋಡಿ. ಮೂಲ ಫ್ರಾನ್ಸಿನದು, 1959ರಲ್ಲಿ ಮೊದಲು ಹಾರಿದ ಅಲುಎಟ್ 3. 1960ರ ದಶಕದಲ್ಲೇ ಲೈಸೆನ್ಸ್ ಪಡೆದು ನಮ್ಮ ಬೆಂಗಳೂರಿನ ಎಚ್‌ಎಎಲ್ ಅದನ್ನೂ ಅದರ ಆರ್ಟೂಸ್ಟ್ ಎಂಜಿನ್ನನ್ನೂ ತಯಾರಿಸಿತು. ಹಳೆಯದು, ಒಂದೇ ಎಂಜಿನ್, ನಿಜ. ಆದರೂ ಅಷ್ಟು ದಶಕ ನಮ್ಮ ಹಡಗುಗಳ ಮೇಲೆ ಬಾಳಿತು. ಬಿಚ್ಚಿ ಓವರ್‌ಹಾಲ್ ಮಾಡುವ ಕೈಗಳು ಇಲ್ಲೇ ಇದ್ದವು, ಅಲ್ವಾ?

ಈಗ ನೌಕಾಪಡೆಗೆ ಎಂಎಚ್-60ಆರ್ ಹೆಲಿಕಾಪ್ಟರ್ ಬಂದಿದೆ. 2020ರಲ್ಲಿ 24ಕ್ಕೆ ಒಪ್ಪಂದ, 2024ರ ಮಾರ್ಚಿನಲ್ಲಿ ಕೊಚ್ಚಿಯಲ್ಲಿ 334ನೇ ಸ್ಕ್ವಾಡ್ರನ್. ಒಳ್ಳೆಯ ಯಂತ್ರ, ಇದೂ ಸಿಕೋರ್ಸ್ಕಿಯದೇ. ಅದರ ಟಾರ್ಪಿಡೊ, ರಾಡಾರ್ ವಿಷಯ ಆಮೇಲೆ. ಗೇರ್‌ಬಾಕ್ಸ್ ಕೆಟ್ಟರೆ ಅದನ್ನು ಬಿಚ್ಚುವ ಬೆಂಚ್ ಎಲ್ಲಿರುತ್ತದೆ ಅಂತ ನಾನು ಮೊದಲು ಕೇಳುತ್ತೇನೆ.